ಶುಭಾಳನ್ನು ಬಿಡು

"ಕೈ ಬಿಡಿ ಮೇಡಂ!"

ಬಾಗಿಲಲ್ಲಿ ನಿಂತಿದ್ದ ಅಪರಿಚಿತನ ಮಾತಿಗೆ ಶುಭಾ ಸಿಡಿದಳು. ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಲು ಹೆಣಗುತ್ತಿದ್ದವಳಿಗೆ ಮೊದಲೇ ಅಳು ಬರುವಂತಾಗಿತ್ತು.

"ನಮ್ಮಪ್ಪನ ಕೈ ಬಿಡು ಅನ್ನೋಕೆ ನೀವ್ಯಾರ್ರೀ?"

"ಫಿಸಿಯೋಥೆರಪಿಸ್ಟ್... ದಿಬಾಕರ್." ಅವನು ತಡವರಿಸಿದ. "ಕೈ ಎಳೆದ್ರೆ ಭುಜ ನೋವಾಗುತ್ತೆ. ಸೊಂಟ ಹಿಡೀಬೇಕು."

ಅವನು ತೋರಿಸಿದಂತೆ ಹಿಡಿದಾಗ, ಮೂರು ವಾರಗಳಲ್ಲಿ ಮೊದಲ ಬಾರಿಗೆ ಅನಂತರಾಮು ಎದ್ದು ನಿಂತರು! ಶುಭಾಳ ಕೋಪ ಎಲ್ಲಿ ಹೋಯಿತೋ...

ಅನಂತರಾಮು ನಿವೃತ್ತ ಕನ್ನಡ ಮೇಷ್ಟ್ರು. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಹೇಳಬೇಕಾದ್ದನ್ನೆಲ್ಲ ಎಡಗೈಯಲ್ಲಿ ನೋಟ್‌ಬುಕ್ಕಿಗೆ ಬರೆಯುತ್ತಿದ್ದರು. ಒಂದೊಂದು ಅಕ್ಷರಕ್ಕೂ ಒದ್ದಾಟ. ಹಾಗಾಗಿ ಎರಡು ಮೂರು ಪದಗಳಲ್ಲೇ ಮುಗಿಸಿಬಿಡುತ್ತಿದ್ದರು.

ಅದನ್ನು ಓದಲೆಂದೇ, ಕನ್ನಡ ಮಾತು ಮಾತ್ರ ಬರುತ್ತಿದ್ದ ಒಡಿಶಾದ ಕಟಕ್‌ನ ದಿಬಾಕರ್ ಕನ್ನಡ ಅಕ್ಷರ ಕಲಿಯತೊಡಗಿದ. ಚಿಕ್ಕಲಸಂದ್ರದ ಆ ಮನೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ವ್ಯಾಯಾಮ, ಹತ್ತು ನಿಮಿಷ ಪಾಠ. ವೈದ್ಯನಿಗೆ ರೋಗಿಯೇ ಗುರು!

ಒಂದು ದಿನ ಅವನು ಅಡುಗೆಮನೆ ಬಾಗಿಲಿಗೆ ಬಂದ.

"ಸಾರ್ ಕೇಳ್ತಿದ್ದಾರೆ... ಕಾಫಿ ಆಯ್ತಾ?"

ನೋಟ್‌ಬುಕ್ ನೋಡಿ ಶುಭಾ ನಕ್ಕುಬಿಟ್ಟಳು. "ಅಯ್ಯೋ, ನೀವು ಕುಡಿದ್ರಾ ಅಂತ ಕೇಳಿರೋದು!"

"ಕುಡಿಯೋದು ಎಲ್ಲಿದೆ ಇದ್ರಲ್ಲಿ?"

"ಇಲ್ಲ. ನಾವೇ ತಿಳ್ಕೋಬೇಕು."

ಅವನು ತಲೆ ಕೆರೆದುಕೊಂಡ. ಆ ಮುಖ ನೋಡಿ ಅವಳಿಗೆ ಮತ್ತೆ ನಗು. ಎಷ್ಟು ವರ್ಷವಾಗಿತ್ತು ಹೀಗೆ ನಕ್ಕು!

ನಾಲ್ಕು ತಿಂಗಳು ಕಳೆದವು. ಬೆಳಿಗ್ಗೆ ಅವನ ಬೈಕಿನ ಸದ್ದಿಗೆ ಶುಭಾಳ ಎದೆ ಹೊಡೆದುಕೊಳ್ಳತೊಡಗಿತು. 'ಬೇಡ... ಎಲ್ಲಾ ಹೇಳಿಬಿಡಬೇಕು. ಆಮೇಲೆ ಅವರಿಷ್ಟ.'

ಒಂದು ಬುಧವಾರ ಬಾಲ್ಕನಿಯಲ್ಲಿ ಹೇಳಿಯೇಬಿಟ್ಟಳು.

"ನನಗೆ ಮದುವೆ ಆಗಿತ್ತು. ಎರಡೇ ವರ್ಷ... ಡಿವೋರ್ಸ್ ಆಯ್ತು."

ದಿಬಾಕರ್ ಮೆಲ್ಲನೆ ಅವಳ ಬೆರಳುಗಳ ಮೇಲೆ ಕೈಯಿಟ್ಟ. ತಿರುಗಿದರೆ, ಒಳಗಿನ ಕುರ್ಚಿಯಿಂದ ಅನಂತರಾಮು ನೋಡುತ್ತಿದ್ದರು. ಅವನು ಥಟ್ಟನೆ ಕೈ ಹಿಂತೆಗೆದುಕೊಂಡ.

ಮರುದಿನ ಬೆಳಿಗ್ಗೆ ಶುಭಾಳ ಸ್ಕೂಟರ್ ಪಂಕ್ಚರ್ ಆಗಿತ್ತು. ಜಯನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು, ಹೊತ್ತಾಗಿತ್ತು. ಗಡಿಬಿಡಿಯಲ್ಲಿ ತಯಾರಾಗಿ ಹೊರಬಂದರೆ ದಿಬಾಕರ್ ಇಲ್ಲ. ವ್ಯಾಯಾಮ ಮುಗಿಸಿದವನು ಒಂದು ಮಾತೂ ಹೇಳದೆ ಹೊರಟುಹೋಗಿದ್ದ!

ಶುಕ್ರವಾರ ವ್ಯಾಯಾಮ ಮಾಡಿಸಲು ಬಾಗಿಲು ತಟ್ಟಿದ್ದು ಬೇರೆಯವನು.

"ನಾ ಚನ್ನವೀರ ಅಂತ್ರೀ. ದಿಬಾಕರ್ ಸರ್ ಇನ್ನ ಬರೂದಿಲ್ರೀ."

ಶುಭಾ ಅವನಿಗೆ ಅಪ್ಪನ ಕುರ್ಚಿ ತೋರಿಸಿ ಬಾಲ್ಕನಿಗೆ ಹೋದಳು. 'ಡಿವೋರ್ಸ್ ಅಂದ ಮರುದಿನವೇ... ಇವನೂ ಎಲ್ಲರಂತೆಯೇ!'

ಅವಳು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ.

ಹತ್ತನೆಯ ದಿನ, ಮಗಳ ಬಾಡಿದ ಮುಖ ನೋಡಲಾರದೆ ಅನಂತರಾಮು ನೋಟ್‌ಬುಕ್ ಎಳೆದುಕೊಂಡರು. ಅಷ್ಟುದ್ದ ಅವರು ಬರೆದದ್ದು ಅದೇ ಮೊದಲು.

"ಗಾಡಿ ಕೆಟ್ಟ ದಿನ ನಿನ್ನನ್ನು ಮೆಟ್ರೋಗೆ ಬಿಡಲು ದಿಬಾಕರ್‌ಗೆ ಹೇಳಿದ್ದೆ. ಬಿಡದೆ ಯಾಕೆ ಹೋದ?"

"ಏನಂತ ಹೇಳಿದ್ರಿ ಅಪ್ಪಾ?"

ಅವರು ಹಿಂದಿನ ಪುಟಗಳನ್ನು ತಿರುವಿದರು. ವಕ್ರವಕ್ರ ಅಕ್ಷರಗಳಲ್ಲಿ ಎರಡೇ ಸಾಲು: "ಶುಭಾಳನ್ನು ಬಿಡು. ತಡ ಮಾಡಬೇಡ."

ಶುಭಾ ಹಾಗೇ ಕುಳಿತುಬಿಟ್ಟಳು. 'ಅಯ್ಯೋ ದೇವರೇ... ದಿಬಾಕರ್‌ಗೆ ಪಂಕ್ಚರ್ ಆಗಿದ್ದೇ ಗೊತ್ತಿರಲಿಲ್ಲ!'

ಮಧ್ಯಾಹ್ನ ಸುಬ್ರಹ್ಮಣ್ಯಪುರದ ಕ್ಲಿನಿಕ್ಕಿನಲ್ಲಿ ಅವಳನ್ನು ಕಂಡು ದಿಬಾಕರ್ ತಟ್ಟನೆ ಎದ್ದ. ಕಣ್ಣುಗಳು ಗುಳಿಬಿದ್ದಿದ್ದವು.

"ಸಾರ್ ಹೇಗಿದ್ದಾರೆ?"

ಅವಳು ನೋಟ್‌ಬುಕ್ ಅವನ ಮುಂದಿಟ್ಟಳು. "ಇದನ್ನ ಓದಿ ಏನಂದ್ಕೊಂಡ್ರಿ?"

ಅವನು ತಲೆ ತಗ್ಗಿಸಿದ. "ಶುಭಾಳಿಂದ ದೂರ ಹೋಗು... ಬೇಗ. ಹಿಂದಿನ ದಿನ ಸಾರ್ ನಮ್ಮನ್ನ ನೋಡಿದ್ರಲ್ಲ. ಅವರಿಗೆ ಬೇಜಾರಾದ್ರೆ ನಾನು ಹೇಗೆ ಬರೋದು?"

"ನನ್ನ ಗಾಡಿ ಪಂಕ್ಚರ್ ಆಗಿತ್ತು ರೀ! ಬನಶಂಕರಿ ಮೆಟ್ರೋ ಹತ್ರ ಬಿಡು, ಲೇಟಾಗ್ತಿದೆ ಅಂತ ಬರೆದಿದ್ರು!"

ದಿಬಾಕರ್ ನೋಟ್‌ಬುಕ್ ಎತ್ತಿಕೊಂಡ. ಮತ್ತೆ ಓದಿದ. ಮತ್ತೊಮ್ಮೆ ಓದಿದ.

"ಒಂದು ಮಾತು ಅಪ್ಪನ್ನ ಕೇಳಬಾರದಿತ್ತಾ?"

"ಕೇಳಿದ್ರೆ ಹೌದು ಅಂದುಬಿಟ್ರೆ? ಆ ಹೆದರಿಕೆ... ನೀವ್ಯಾಕೆ ಫೋನ್ ಮಾಡ್ಲಿಲ್ಲ?"

"ನನಗೂ ಅದೇ ಹೆದರಿಕೆ. ಡಿವೋರ್ಸ್ ಆದೋಳು ಅಂತ ಹೋದ್ರಿ ಅಂದ್ಕೊಂಡೆ."

"ಶುಭಾ!" ಮೊದಲ ಬಾರಿಗೆ ಅವನು ಹೆಸರು ಹಿಡಿದು ಕರೆದ. "ನೀವು ಹೇಳಿದ ದಿನ ಸಂಜೆನೇ ಅಮ್ಮನಿಗೆ ಫೋನ್ ಮಾಡಿ ನಿಮ್ಮ ವಿಷಯ ಎಲ್ಲಾ ಹೇಳಿದ್ದೆ. ಯಾವಾಗ ಕರ್ಕೊಂಡು ಬರ್ತೀಯ ಅಂತ ಈಗಲೂ ದಿನಾ ಕೇಳ್ತಾರೆ."

ಅವಳ ಕಣ್ಣು ತುಂಬಿ ಬಂತು. "ಅಮ್ಮನಿಗೆ ಹೇಳಿದ್ರಿ. ನನಗೆ ಇನ್ನೂ ಹೇಳಿಲ್ಲ..."

"ಕನ್ನಡದಲ್ಲಿ ಹೇಳೋಕೆ ಹೋಗಿ ಮತ್ತೆ ಏನಾದ್ರೂ ತಪ್ಪಾದ್ರೆ?"

"ಹಾಗಾದ್ರೆ ನಿಮ್ಮ ಭಾಷೆಯಲ್ಲೇ ಹೇಳಿ."

ದಿಬಾಕರ್ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಒಡಿಯಾದಲ್ಲಿ ಒಂದು ಪುಟ್ಟ ವಾಕ್ಯ ಹೇಳಿದ. ಒಂದು ಪದವೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಕೆನ್ನೆ ಕೆಂಪೇರಿತು.

"ಅರ್ಥ ಆಯ್ತಾ?"

"ಇಲ್ಲ," ಎಂದಳು ಕಣ್ಣೊರೆಸಿಕೊಂಡು. "ಇನ್ನೊಂದ್ಸಲ ಹೇಳಿ."

ಅವನು ಹೇಳಿದ.

"ಈಗ?"

ಶುಭಾ ಅವನ ಭುಜಕ್ಕೆ ತಲೆಯಾನಿಸಿದಳು. "ಊಹುಂ... ಇನ್ನೊಂದ್ಸಲ!"