ದೊಡ್ಡಪ್ಪನ ಸನಾದಿ

ಬೀದರಿನ ಕಾಲೇಜಿನಲ್ಲಿ ಸಂಗೀತ ಓದುವಾಗ ನಾನು ಕ್ಲಾರಿನೆಟ್ ಬಿಟ್ಟು ಸನಾದಿ ಹಿಡಿದೆ. ಎರಡು ತಿಂಗಳಾದರೂ ಒಂದು ಸ್ವರ ನೆಟ್ಟಗೆ ಹೊರಡಲಿಲ್ಲ. "ಸುಜಾತಾ, ಸೋಮವಾರದ ತನಾ ನೋಡ್ತೇನಿ. ಆಗಲಿಲ್ಲಂದ್ರ ಕ್ಲಾರಿನೆಟ್ಟಿಗೇ ಹೋಗು ಬೇಟಾ" ಎಂದರು ಮುಸ್ತಕೀಮ ಮಾಸ್ತರು.

ಆ ಭಾನುವಾರ ಔರಾದದ ಬಸ್ಸು ಹತ್ತಿ ದೊಡ್ಡವ್ವ ಹೀರಾಬಾಯಿಯ ಮನೆಗೆ ಹೋದೆ. ದೊಡ್ಡಪ್ಪ ಭಾಲ್ಕಿಯ ತನಕ ಮದುವೆಗಳಿಗೆ ಸನಾದಿ ಊದುತ್ತಿದ್ದವರು. ಅವರ ಬಾಯಲ್ಲಿ ಸದಾ ಲವಂಗ ಇರುತ್ತಿತ್ತು. ಚಿಕ್ಕವಳಿದ್ದಾಗ ಅವರ ತೊಡೆಯ ಮೇಲೆ ಕೂತು, ಊದುವಾಗ ಉಬ್ಬಿದ ಗಲ್ಲವನ್ನು ಬೆರಳಿಂದ ಒತ್ತಿ ನಗುತ್ತಿದ್ದೆ. ಅವರು ತೀರಿ ಆರು ವರ್ಷವಾಗಿತ್ತು.

ಅವರ ಸನಾದಿ ಕೇಳಿದಾಗ ದೊಡ್ಡವ್ವ ಅದನ್ನಿಟ್ಟಿದ್ದ ಟ್ರಂಕಿನ ಕೀಲಿ ಕೊಟ್ಟಳು. "ಅವರು ಹೋದಾಗಿಂದ ತೆರದಿಲ್ಲವ್ವಾ, ನೀನೇ ತೆಗಿ" ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು.

ಸನಾದಿಯ ಊದುವ ತುದಿಯ ಜೊಂಡಿನ ಪತ್ತಿಯನ್ನು ಮೊದಲು ಬಾಯಲ್ಲಿಟ್ಟು ನೆನೆಸಬೇಕು, ಒಣಗಿದ್ದರೆ ನುಡಿಯುವುದಿಲ್ಲ. ನಾನು ಸನಾದಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಪತ್ತಿ ಆಗಲೇ ಒದ್ದೆಯಾಗಿತ್ತು. ತುಟಿಗಿಟ್ಟರೆ ಬೆಚ್ಚಗಿತ್ತು, ಲವಂಗದ ರುಚಿ ಇತ್ತು. ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಊದಿದೆ. ಸ್ವರ ಮನೆ ತುಂಬಿತು.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಇನ್ನೊಮ್ಮಿ ಊದ್ರಿ" ಎಂದಳು.

ನನ್ನೊಂದಿಗೆ ಆಕೆ ಎಂದೂ 'ರಿ' ಹಚ್ಚಿ ಮಾತಾಡಿದವಳಲ್ಲ.

ಸೋಮವಾರ ಆ ರೆಕಾರ್ಡಿಂಗ್ ಕೇಳಿ ಮಾಸ್ತರು ನನ್ನನ್ನು ಸನಾದಿಯಲ್ಲೇ ಉಳಿಸಿದರು. ಆ ರೆಕಾರ್ಡಿಂಗ್ ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಸ್ವರ ನಾಲ್ಕು ನಿಮಿಷ ಎಲ್ಲಿಯೂ ಕಡಿಯುವುದಿಲ್ಲ. ಅಂದು ಉಸಿರಿಗಾಗಿ ನಾನು ಮೂರು ಸಲ ಸನಾದಿಯನ್ನು ಬಾಯಿಂದ ತೆಗೆದಿದ್ದೆ.