ತಿರುವಿನಲ್ಲಿ ಕೂಗುವ ಬ್ರೇಕು

ಆ ಬೆಳಿಗ್ಗೆ ಆಲೆಟ್ಟಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅಂಗಳದ ತುದಿಯ ಬಸಳೆ ಚಪ್ಪರವೇ ಕಾಣುತ್ತಿರಲಿಲ್ಲ. ಇನ್ನು ಕೆಳಗಿನ ರಸ್ತೆಯ ತಿರುವು ಎಲ್ಲಿಂದ ಕಾಣಬೇಕು?

ದೀಪ್ತಿ ಹಲ್ಲುಜ್ಜುತ್ತಾ ನಿಂತಿದ್ದಳು. ಆಗ ತಿರುವಿನಲ್ಲಿ ಆ ಶಬ್ದ ಬಂತು.

"ಕೀಂ...ಯ್ಕ್!"

ಬ್ರಷ್ ಬಾಯಲ್ಲಿರುವಾಗಲೇ ಅವಳ ಕಾಲುಗಳು ಓಡಿದವು. ಅಪ್ಪನ ಬೈಕಿನ ಬ್ರೇಕು! ಮಂಜಿನೊಳಗಿಂದ ಮೊದಲು ಹೆಡ್‌ಲೈಟ್ ಬಂತು, ಮತ್ತೆ ಹ್ಯಾಂಡಲ್ ಬಂತು. ಕೊನೆಗೆ ಬಂದದ್ದು ಹರಿಪ್ರಸಾದ್ ಮಾವನ ಮುಖ.

ಕಾಲುಗಳು ಅಲ್ಲೇ ನಿಂತವು. ಅಪ್ಪ ತೀರಿಹೋಗಿ ಎಂಟು ತಿಂಗಳಾಗಿತ್ತು. ಜ್ವರವೆಂದು ಜೀಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಅಪ್ಪ ಮತ್ತೆ ನಡೆದು ಬರಲಿಲ್ಲ. ದೀಪ್ತಿಗೆ ಅದು ಗೊತ್ತಿತ್ತು. ಕಾಲುಗಳಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ.

"ಎಂತ ಮಾರಾಯ್ತಿ, ಪೇಸ್ಟಿನ ಮೀಸೆ ಇಟ್ಟುಕೊಂಡು ಬಂದದ್ದು?" ಎಂದು ಮಾವ ನಕ್ಕರು. ಅವಳು ನಗಲಿಲ್ಲ.

ಅವ್ವ ಲೋಟ ಹಿಡಿದುಕೊಂಡು ಜಗಲಿಗೆ ಬಂದಳು. ಮಾವ ಚಾ ಕುಡಿಯುವವರಲ್ಲ. ಅವ್ವ ಮಾವನ ಮುಖ ನೋಡಿದಳು. ಮತ್ತೆ ಅಂಗಳಕ್ಕಿಳಿದು, ಬಿಸಿ ಚಾವನ್ನು ಬಸಳೆಯ ಬದಿಗೆ ಚೆಲ್ಲಿ ಒಳಗೆ ಹೋದಳು. ನೊಣ ಬಿದ್ದಿರಬೇಕು ಎಂದುಕೊಂಡಳು ದೀಪ್ತಿ.

"ದೀಪು, ರಜೆ ಅಲ್ವಾ? ಬರ್ತೀಯಾ ಮೂಸಾಕನ ಗ್ಯಾರೇಜಿಗೆ? ಇವತ್ತು ಇದಕ್ಕೆ ಡಿಸ್ಕ್ ಬ್ರೇಕ್ ಹಾಕಿಸುದು."

"ಯಾಕೆ? ಇದು ಹಿಡೀತದಲ್ಲ?"

"ಹಿಡೀತದೆ. ಕೂಗಿ, ಗಲಾಟೆ ಮಾಡಿ, ನಾಲ್ಕು ಮಾರು ಮುಂದೆ ಹೋಗಿ ಹಿಡೀತದೆ! ಸೋಮವಾರದಿಂದ ಓಡಿಸುದು ನಿನ್ನ ಅವ್ವ. ಈ ಇಳಿಜಾರಿಗೆ ಇದು ಸಾಕಾಗುದಿಲ್ಲ."

ಅವ್ವನಿಗೆ ಸುಳ್ಯದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಅಂಗಡಿ ಮುಚ್ಚುವಷ್ಟರಲ್ಲಿ ಊರಿಗೆ ಬರುವ ಕೊನೆಯ ಬಸ್ಸು ಹೋಗಿರುತ್ತದೆ. ಅದಕ್ಕೇ ಮಾವ ತಮ್ಮಲ್ಲಿದ್ದ ಈ ಬೈಕನ್ನು ತಂದು, ಒಂದು ತಿಂಗಳಿಂದ ಅವಳಿಗೆ ಕಲಿಸುತ್ತಿದ್ದರು.

"ಹೊಸ ಬ್ರೇಕು ಕೂಗ್ತದಾ ಮಾವ?"

"ಎಂತ ಕೂಗುದು? ಬೆಕ್ಕು ಬಂದ ಹಾಗೆ ಬಂದು ನಿಲ್ತದೆ."

ದೀಪ್ತಿಗೆ ನಾಳೆಯ ನೆನಪಾಯಿತು. ನಾಳೆ ಮನೆಯಲ್ಲಿ ಅಗೆಲು. ತೀರಿಕೊಂಡವರಿಗೆ ಬಾಳೆ ಎಲೆ ಹಾಕಿ ಬಡಿಸುವ ದಿನ. ಬಡಿಸಿದ ಮೇಲೆ ದೀಪ ಇಟ್ಟು, ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ನಿಲ್ಲಬೇಕು. ಆಗ ಅವರು ಬಂದು ಉಣ್ಣುತ್ತಾರೆ. ಈ ಸಲ ಅಪ್ಪನಿಗೂ ಒಂದು ಎಲೆ ಉಂಟು.

ಅಪ್ಪ ಬಂದದ್ದು ಗೊತ್ತಾಗುವುದು ಹೇಗೆ? ಇಷ್ಟು ದಿನವೂ ಗೊತ್ತಾಗುತ್ತಿದ್ದದ್ದು ತಿರುವಿನ ಆ ಕೂಗಿನಿಂದ. ಅದನ್ನೇ ಕಳಚಿ ತೆಗೆದರೆ?

ಮೂಸಕುಂಞಿ ಎಂಬುದು ಗ್ಯಾರೇಜಿನ ಮುದುಕನ ಹೆಸರು. ಊರಿಗೆಲ್ಲ ಅವರು ಮೂಸಾಕ. ಮಾವ ಬೈಕನ್ನೂ ದೀಪ್ತಿಯನ್ನೂ ಅಲ್ಲಿ ಬಿಟ್ಟು ಪೇಟೆಗೆ ಹೋದರು. ಪುತ್ತೂರಿನ ದರ್ಬೆಯ ಗುಜರಿ ಅಂಗಡಿಯಿಂದ ತಂದ ಹಳೇ ಸಾಮಾನುಗಳು ಕಾಗದದ ಮೇಲೆ ಸಾಲಾಗಿ ಕೂತಿದ್ದವು. ಇದೇ ಬೈಕಿನ ಹೊಸ ಮಾಡೆಲಿನ ಮುಂದಿನ ಚಕ್ರ, ಎರಡು ಫೋರ್ಕು, ಹೊಳೆಯುವ ಡಿಸ್ಕು, ಬ್ರೇಕ್ ಎಣ್ಣೆ ಹೋಗುವ ಕಪ್ಪು ಪೈಪು.

ಮೂಸಾಕ ಹಳೇ ಚಕ್ರ ಬಿಚ್ಚಿ, ಒಳಗಿದ್ದ ಸವೆದ ಬ್ರೇಕ್ ಶೂಗಳನ್ನು ಕೈಗೆತ್ತಿಕೊಂಡರು.

"ಇದರ ಶಬ್ದ ತೆಗೀತೇನೆ ಅಂತ ರೂಪೇಶನಿಗೆ ಎಷ್ಟು ಸಲ ಹೇಳಿದ್ದೆ ಗೊತ್ತುಂಟಾ? ಸ್ವಲ್ಪ ಉಜ್ಜಿದ್ರೆ ಆಗ್ತಿತ್ತು. ನಿನ್ನಪ್ಪ ಕೇಳ್ಬೇಕಲ್ಲ! 'ಬೇಡ ಮೂಸಾಕ, ಅದು ಕೂಗಿದ್ರೆ ಮಗಳು ಓಡಿ ಬರ್ತಾಳೆ' ಅಂತ ಹೇಳಿ ನಗುದು."

ಅವರು ಸ್ಪ್ಯಾನರ್ ಹುಡುಕಲು ಆಚೆ ತಿರುಗಿದರು.

ಕಾಗದದ ಮೇಲೆ ಒಂದು ಪುಟ್ಟ ಬೋಲ್ಟಿತ್ತು. ನಡುವೆ ತೂತಿರುವ ಬೋಲ್ಟು. ಎಣ್ಣೆಯ ಪೈಪನ್ನು ಬ್ರೇಕಿಗೆ ಸೇರಿಸುವುದು ಅದೇ ಎಂದು ಮೂಸಾಕ ಆಗಲೇ ತೋರಿಸಿದ್ದರು. ದೀಪ್ತಿಯ ಕೈ ಮುಂದೆ ಹೋಯಿತು. ಕೈ ಹಿಂದೆ ಬಂದಾಗ ಬೋಲ್ಟು ಮುಷ್ಟಿಯೊಳಗಿತ್ತು.

ಹನ್ನೆರಡು ಗಂಟೆಯ ಹೊತ್ತಿಗೆ ಫೋರ್ಕು ಕೂತಿತು, ಚಕ್ರ ಕೂತಿತು. ಮೂಸಾಕ ಬೋಲ್ಟಿಗೆ ಕೈ ಚಾಚಿದರು. ಕಾಗದ ಎತ್ತಿ ಕೊಡವಿದರು. ನೋಯುವ ಮೊಣಕಾಲು ಊರಿ, ಬೆಂಚಿನ ಅಡಿಗೆ ಬಗ್ಗಿದರು. ನೆಲದ ಎಣ್ಣೆ ಮಣ್ಣನ್ನೆಲ್ಲ ಬೆರಳಿನಿಂದ ಕೆದಕಿದರು.

"ಇಲ್ಲೇ ಇಟ್ಟದ್ದಲ್ಲವಾ ನಾನು? ನೀನು ನೋಡಿದ್ದೀಯಾ ಮಗಾ?"

ದೀಪ್ತಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಕಣ್ಣು ಹೋಯ್ತು ನನ್ನದು. ಇಟ್ಟದ್ದು ನೆನಪಿರುದಿಲ್ಲ. ಇನ್ನು ಈ ಗ್ಯಾರೇಜ್ ಮುಚ್ಚುದೇ ಒಳ್ಳೇದು." ಅವರು ತನಗೆ ತಾನೇ ಹೇಳಿಕೊಂಡು, ಬೆಂಚು ಹಿಡಿದು ಮೆಲ್ಲಗೆ ಎದ್ದರು. "ನಮಾಜು ಮಾಡಿ ಬಂದು ಇನ್ನೊಮ್ಮೆ ಹುಡುಕುವ."

ಅವರು ಹೋದ ಸ್ವಲ್ಪ ಹೊತ್ತಿಗೆ ಅವ್ವ ಬುತ್ತಿ ಹಿಡಿದು ನಡೆದುಕೊಂಡು ಬಂದಳು. ಚಪ್ಪಲಿ ತುಂಬ ಧೂಳು. ಗಂಜಿ, ಚಟ್ನಿ ಬಿಚ್ಚಿದಳು. ದೀಪ್ತಿ ಎಡಗೈಯ ಮುಷ್ಟಿ ಬಿಡಿಸಲಿಲ್ಲ.

"ಅವ್ವಾ, ಹಳೇ ಬ್ರೇಕೇ ಇರ್ಲಿ."

"ಯಾಕೆ ಮಗಾ?"

"ಅದು ಕೂಗ್ತದೆ. ಅಪ್ಪ ಬಂದ ಹಾಗೆ ಆಗ್ತದೆ."

ಅವ್ವ ಬೈಕಿನ ಕಡೆ ನೋಡಿದಳು.

"ಹೌದು. ಅಪ್ಪ ಬಂದ ಹಾಗೇ ಆಗ್ತದೆ," ಎಂದಳು. "ಅದು ಕೂಗಿದ ಕೂಡ್ಲೇ ನಾನು ಚಾ ಸೋಸ್ತೇನೆ. ಇವತ್ತೂ ಸೋಸಿದೆ. ಈ ಕೈಗೆ ಎಷ್ಟು ಹೇಳಿದ್ರೂ ಗೊತ್ತಾಗುದಿಲ್ಲ ಮಗಾ."

ದೀಪ್ತಿಗೆ ಬಸಳೆ ಚಪ್ಪರದ ಬದಿಯಲ್ಲಿ ಹಬೆಯಾಡುತ್ತಿದ್ದ ಒದ್ದೆ ಮಣ್ಣು ಕಣ್ಣೆದುರು ಬಂತು. ಮಾವ ಬೈಕು ತಂದ ದಿನವೆಲ್ಲ ಅಲ್ಲಿ ಆ ಒದ್ದೆ ಇರುತ್ತಿತ್ತು. ಚಾದಲ್ಲಿ ನೊಣ ಬಿದ್ದಿರಲಿಲ್ಲ.

ಓಡುತ್ತಿದ್ದದ್ದು ತಾನೊಬ್ಬಳೇ ಅಲ್ಲ.

"ಸೋಮವಾರದಿಂದ ನಾನೇ ಓಡಿಸುವಾಗ," ಎಂದು ಅವ್ವ ಮತ್ತೆ ಹೇಳಿದಳು, "ಅದು ನನ್ನ ಕೈಯಲ್ಲೇ ಕೂಗಿದ್ರೆ..." ಮಾತನ್ನು ಅಲ್ಲಿಗೇ ಬಿಟ್ಟು, ಗಂಜಿಗೆ ಉಪ್ಪು ಕಲಸಿದಳು.

ಮೂಸಾಕ ವಾಪಸ್ ಬಂದು ಟೋಪಿ ಮಡಚಿ ಕಿಸೆಗೆ ಹಾಕಿಕೊಂಡರು. ಮತ್ತೆ ಮೊಣಕಾಲು ಊರಲು ಹೊರಟರು. ದೀಪ್ತಿ ಅವರೆದುರು ಹೋಗಿ ಮುಷ್ಟಿ ಬಿಡಿಸಿದಳು. ಅಂಗೈಯಲ್ಲಿ ಬೋಲ್ಟಿತ್ತು. ಒತ್ತಿ ಹಿಡಿದಿದ್ದ ಕಡೆ ಚರ್ಮದಲ್ಲಿ ಅದರ ತಿರುಪಿನ ಗೆರೆಗಳೇ ಮೂಡಿದ್ದವು.

ಮೂಸಾಕ ಬೋಲ್ಟು ನೋಡಿದರು. ಆ ಗುರುತನ್ನೂ ನೋಡಿದರು.

"ನಿಮ್ಮ ಕಣ್ಣು ಹೋಗ್ಲಿಲ್ಲ ಮೂಸಾಕ," ಎಂದಳು ದೀಪ್ತಿ.

"ಸಿಕ್ಕಿತಲ್ಲ. ಸಾಕು," ಎಂದರು ಅವರು. ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಅದರ ತೂತು ನೋಡಿ, ಕೆಲಸಕ್ಕೆ ಕೂತರು.

ಸಂಜೆ ಅವ್ವನೇ ಬೈಕು ಓಡಿಸಿದಳು. ಹಿಂದಿನಿಂದ ಅವಳ ಸೊಂಟ ಹಿಡಿದು ಕೂತಿದ್ದ ದೀಪ್ತಿ, ತಿರುವು ಬಂದಾಗ ಕಣ್ಣು ಮುಚ್ಚಿದಳು. ಅವ್ವನ ಬೆರಳುಗಳು ಬ್ರೇಕು ಒತ್ತಿದವು. ಬೈಕು ನಿಧಾನವಾಯಿತು. ಚಪ್ಪರದ ಕಡೆಯಿಂದ ಯಾವುದೋ ಹಕ್ಕಿ ಕೂಗುತ್ತಿದ್ದದ್ದು ಕೇಳಿತು, ಅಷ್ಟೇ.

ಮರುದಿನ ಮುಸ್ಸಂಜೆ ನಡುಮನೆಯಲ್ಲಿ ಎಲೆಗಳು ಸಾಲಾದವು. ಅಜ್ಜನಿಗೆ, ಅಜ್ಜಿಗೆ, ಕೊನೆಯದು ಅಪ್ಪನಿಗೆ. ಕೋಳಿ ಸಾರು, ದೋಸೆ, ಅಪ್ಪನಿಗೆ ಇಷ್ಟದ ಮೀನು. ಅವ್ವ ದೀಪ ಹಚ್ಚಿ, ಕೈ ಮುಗಿದು, ಬಾಗಿಲಿನ ಹತ್ತಿರ ಬಂದಳು.

"ಅವ್ವಾ, ಬಾಗಿಲು ಎಳೀಬೇಡ. ಒಂದು ನಿಮಿಷ."

ದೀಪ್ತಿ ಅಡುಗೆಮನೆಗೆ ಹೋದಳು. ಅವಳು ಆಗಲೇ ಸೋಸಿ, ಮುಚ್ಚಿ ಇಟ್ಟದ್ದು ಅಲ್ಲಿತ್ತು. ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು, ಅಪ್ಪನ ಎಲೆಯ ಬಲಬದಿಗೆ, ಶಬ್ದವಾಗದಂತೆ, ಆ ಚಾ ಲೋಟವನ್ನು ಇಟ್ಟಳು.