ಕೂಗದ ಸೈರನ್

"ಅಮ್ಮಾ, ನಾನು ಸೈರನ್ ಸ್ವಿಚ್ ಮುಟ್ಟೇ ಇಲ್ಲ. ಸಂಜೆಯೊಳಗೆ ಕೆಲಸದಿಂದ ತೆಗೀತಾರಂತೆ," ಎನ್ನುತ್ತ ಕಾವಲುಗಾರ ಬಾಗಿಲಲ್ಲೇ ಕುಸಿದು ಕೂತ.

ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಅಳಿಯನ ಕ್ವಾರ್ಟರ್ಸಿನಲ್ಲಿದ್ದ ಅತ್ತೆಗೆ ಇಂಥವರು ಹೊಸಬರಲ್ಲ. ವಿಶ್ವವಿದ್ಯಾಲಯದಲ್ಲಿ ಏನು ಎಡವಟ್ಟಾದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಅಲ್ಲೇ ಪಾಠ ಹೇಳುತ್ತಿದ್ದ ಅಳಿಯ ಬಾಲದಂತೆ ಅವರ ಹಿಂದೆ ಹೋಗುವುದೂ ರೂಢಿಯಾಗಿತ್ತು.

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೆಂದು ಅಳಿಯನ ಗುರುಗಳಾದ ಹಸಿರು ಮೇಷ್ಟ್ರು ಒಂದು ಯೋಜನೆ ಮಾಡಿದ್ದರು. ಬೇಲಿಯೊಳಗಿನ ಬಿಳಿ ಪೆಟ್ಟಿಗೆಯಲ್ಲಿರುವ ಉಷ್ಣಮಾಪಕ ಮಿತಿ ದಾಟಿದರೆ ಸೈರನ್ ತಾನಾಗಿ ಕೂಗಬೇಕು, ಹೊರಗಿನ ಕೆಲಸವೆಲ್ಲ ನಿಲ್ಲಬೇಕು. ಅಂದು ಕೆಂಡದಂಥ ಬಿಸಿಲು. ಆದರೂ ಸೈರನ್ ಕೂಗಲಿಲ್ಲ. ಘಟಿಕೋತ್ಸವದ ತಾಲೀಮಿಗೆ ಮೈದಾನದಲ್ಲಿ ಕುರ್ಚಿ ಹಾಕುತ್ತಿದ್ದ ಕೆಲಸದಾಕೆ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಳು. ಸೈರನ್ ಆರಿಸಿದವನು ಕಾವಲುಗಾರನೇ ಎಂದು ಕುಲಸಚಿವರು ತೀರ್ಪು ಕೊಟ್ಟಾಗಿತ್ತು.

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಿದೆ. ನಡೀರಿ ಅಳಿಯಂದ್ರೇ," ಎಂದರು ಅತ್ತೆ.

ದಾರಿಯಲ್ಲಿ ಅಳಿಯ ಗುರುಗಳ ಗುಣಗಾನ ಮಾಡಿದ. "ಪಾಪ, ಅವರಿಗೆ ಮೈಮೇಲೆ ಗ್ಯಾನವೇ ಇಲ್ಲ ಅತ್ತೆ. ಬೆಳಿಗ್ಗೆ ಸಿಕ್ಕಾಗ ಕರಿ ಕೋಟಿನ ತೋಳೆಲ್ಲ ಸೀಮೆಸುಣ್ಣ. ನಾನೇ ಕೊಡವಿ ಕಳಿಸಿದೆ."

ಸೈರನ್ನಿನ ಗುಂಡಿ ಒತ್ತಿದರೆ ಕಿವಿ ಹರಿಯುವಂತೆ ಕೂಗಿತು. ಬೇಲಿಯ ಬೀಗ ಗಟ್ಟಿಯಾಗಿತ್ತು. ಅದರ ಕೀಲಿ ಇದ್ದುದು ಕಾವಲುಗಾರ, ಕುಲಸಚಿವ, ಮೇಷ್ಟ್ರು, ಈ ಮೂವರ ಬಳಿ ಮಾತ್ರ. ಕಾವಲುಗಾರ ಬೀಗ ತೆಗೆದ ಮೇಲೆ ಅತ್ತೆ ಪೆಟ್ಟಿಗೆಯನ್ನು ಸವರಿದರು. ಹಳೆಯ ಬಣ್ಣ ಹಿಟ್ಟಿನಂತೆ ಅಂಗೈಗೆ ಮೆತ್ತಿತು. ಹಲಗೆಗಳ ಸಂದಿನಲ್ಲಿ ಗೋಣಿಯ ನಾರು ಸಿಕ್ಕಿಕೊಂಡಿತ್ತು. ಸುತ್ತಲಿನ ನೆಲ ಬಿರುಕು ಬಿಟ್ಟಿದ್ದರೂ ಪೆಟ್ಟಿಗೆಯ ಕೆಳಗೆ ಅಳಿಯನ ಹಿಮ್ಮಡಿ ಹೂತುಹೋಯಿತು.

"ಇವತ್ತು ಪಾಠ ಇತ್ತೇನ್ರೀ?"

"ಇಲ್ಲ ಅತ್ತೆ, ತಾಲೀಮು ಅಂತ ಎಲ್ಲ ಕೋಣೆಗೂ ಬೀಗ..." ಅಳಿಯನ ಮಾತು ಅಲ್ಲಿಗೇ ನಿಂತಿತು. ಗುರುಗಳ ತೋಳು ಕೊಡವಿದ ತನ್ನ ಕೈಯನ್ನೊಮ್ಮೆ ನೋಡಿಕೊಂಡ.

ಸಂಜೆ ಎಲ್ಲರೂ ಕುಲಪತಿಗಳ ಕೋಣೆಯಲ್ಲಿ ಸೇರಿದರು. ಮೂಲೆಯಲ್ಲಿ ಕಾವಲುಗಾರ ಟೋಪಿ ಹಿಡಿದು ನಿಂತಿದ್ದ.

"ಸೈರನ್ ಸರಿಯಾಗಿದೆ, ಮೋಸ ಹೋಗಿದ್ದು ಉಷ್ಣಮಾಪಕ," ಎಂದರು ಅತ್ತೆ. "ಪೆಟ್ಟಿಗೆಗೆ ಯಾರೋ ಒದ್ದೆ ಗೋಣಿ ಸುತ್ತಿ ಆಮೇಲೆ ಬಿಚ್ಚಿದ್ದಾರೆ. ನೀರಿನ ಮಡಕೆ ತಣ್ಣಗಿರೋ ಹಾಗೆ ಒಳಗೆಲ್ಲ ತಂಪಾಯ್ತು. ಕಾವಲುಗಾರನಿಗೆ ಇಷ್ಟು ಕಷ್ಟ ಯಾಕೆ? ಸ್ವಿಚ್ ಅವನ ಕೋಣೇಲೇ ಇದೆ. ಕುಲಸಚಿವರು ಬೆಳಗಿನಿಂದ ವೇದಿಕೆ ಬಿಟ್ಟು ಇಳಿದಿಲ್ಲ, ಊರೇ ನೋಡಿದೆ. ಉಳಿದದ್ದು ಒಂದು ಕೀಲಿ, ಪಾಠವೇ ಇಲ್ಲದ ದಿನ ತೋಳಿಗೆ ಹತ್ತಿದ ಪೆಟ್ಟಿಗೆ ಬಣ್ಣದ ಬಿಳಿ ಪುಡಿ. ಅದನ್ನ ಕೊಡವಿದವರು ಇಲ್ಲೇ ಇದ್ದಾರೆ. ಹೇಳ್ತೀರಾ ಅಳಿಯಂದ್ರೇ?"

ಅಳಿಯನಿಗೆ ಅನ್ನದ ದಾರಿ ತೋರಿಸಿದ ಗುರು ಎದುರಿಗೇ ಕೂತಿದ್ದರು. ಸುಮ್ಮನಿರಲು ಮನಸ್ಸು ಎಷ್ಟು ಬಯಸಿತೆಂಬುದಕ್ಕೇ ಅವನಿಗೆ ನಾಚಿಕೆಯಾಯಿತು.

"ನಾನೇ. ಮೇಷ್ಟ್ರ ತೋಳು," ಎಂದ.

ಹಸಿರು ಮೇಷ್ಟ್ರು ತಲೆ ಎತ್ತಲಿಲ್ಲ. "ಹೋದ ಸಲ ಸೈರನ್ ಕೂಗಿ ಸಮಾರಂಭ ನಿಂತಾಗ, ಇನ್ನೊಮ್ಮೆ ಹೀಗಾದ್ರೆ ನಿಮ್ಮ ಯೋಜನೇನೇ ಬೇಡ ಅಂದ್ರಿ. ಇದೊಂದು ದಿನ ಅದು ಬಾಯಿ ಮುಚ್ಕೊಂಡಿದ್ರೆ ಯೋಜನೆ ಉಳಿಯುತ್ತೆ ಅಂದ್ಕೊಂಡೆ."

ಹಾಗೆಂದಿದ್ದ ಕುಲಪತಿಗಳು ನೆಲ ನೋಡಿದರು. ಆ ಮಾತಿಗೆ ಅಂದು ಮೇಜು ತಟ್ಟಿದ್ದವರೂ ನೆಲವನ್ನೇ ನೋಡಿದರು.

ಕುಲಸಚಿವರು ಕೆಮ್ಮಿದರು. "ನಿನ್ನ ಕೆಲಸ ಉಳೀತು, ಹೋಗಪ್ಪ."

ಕಾವಲುಗಾರ ಕದಲಲಿಲ್ಲ. "ಅಲ್ಲ ಸ್ವಾಮಿ, ಆಯಮ್ಮನಿಗೆ ಎಚ್ಚರ ಬಂತಾ?"

ಅಳಿಯ ಮೇಷ್ಟ್ರತ್ತ ನೋಡಿದ, ಮೇಷ್ಟ್ರು ಕುಲಸಚಿವರತ್ತ, ಕುಲಸಚಿವರು ಕುಲಪತಿಗಳತ್ತ. ಅತ್ತೆ ಕೂಡ ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟು ಹೊತ್ತೂ ಯಾರೂ ಅವಳನ್ನು ವಿಚಾರಿಸಿರಲಿಲ್ಲ.